ಡ್ರೈವಿಗೆ ವಾರ ಗೊತ್ತಿಲ್ಲ

ಬೆಳಗಿನ ಜಾವ ನಾಲ್ಕೂ ಕಾಲು. ದಕ್ಕೆಯಿಂದ ವಿಲ್ಫಿಯ ಫೋನು:
"ಪುನಃ ನಿಂತಿತು ಮಾರಾಯ್ರೆ."
ಎಂತ ತೋರಿಸ್ತದೆ?
"ಅದೇ. ಅರ್ಥ್ ಫಾಲ್ಟ್."
ರೀಸೆಟ್ ಒತ್ತು.
"ಒತ್ತಿದೆ. ಏಳು ಸಲ."

ಐಸಿನ ಬ್ಲಾಕು ಪುಡಿ ಮಾಡುವ ಕ್ರಶರು,
ಅದಕ್ಕೆ ಹದಿನೈದು ಹೆಚ್‌ಪಿಯ ಮೋಟಾರು,
ಮೋಟಾರಿನ ಓಟ ಹದದಲ್ಲಿಡಲು
ಗೋಡೆಗೆ ಜಡಿದ ಬೂದು ಪೆಟ್ಟಿಗೆ, ಡ್ರೈವು.
ಅದರ ರೀಸೆಟ್ ಗುಂಡಿಯ ಅಕ್ಷರ
ಹೆಬ್ಬೆರಳುಗಳಿಗೆ ಸವೆದು ಹೋಗಿದೆ.

ನಾನು ಮಾಡದ್ದು ಯಾವುದು?
ಕೇಬಲು ಬದಲಿಸಿದೆ.
ಬೈಕಂಪಾಡಿಯಿಂದ ಬೇರೆ ಡ್ರೈವು ತಂದು ಒಂದು ವಾರ ಕೂರಿಸಿದೆ,
ಅದೂ ಅದನ್ನೇ ಹೇಳಿತು.
ಇಬ್ಬರು ಸಾಕ್ಷಿಗಳದ್ದು ಒಂದೇ ಮಾತಾದ ಮೇಲೂ
ಸಂಶಯ ನನಗೆ ಸಾಕ್ಷಿಗಳ ಮೇಲೆಯೇ.
ಕರೆಂಟಿನ ಆಫೀಸಿನವರನ್ನು ಬೈದೆ.
ಪೊಡಿಮೋನು ಸಾಹೇಬರೆದುರು
ಕಡಲ ಗಾಳಿಯ ಮೇಲೆ ಹಾಕಿದೆ ತಪ್ಪನ್ನೆಲ್ಲ.
ಅದು ವಕೀಲರನ್ನು ಇಡುವುದಿಲ್ಲವಲ್ಲ.

ಮೆಗ್ಗರ್ ಹಾಕುವುದು ಪ್ರತಿ ಸಲ ಮಧ್ಯಾಹ್ನ, ಊಟ ಆದ ಮೇಲೆ.
ಡ್ರೈವಿನ ಮೂರೂ ವಯರು ಬಿಚ್ಚಿ ಬದಿಗಿಟ್ಟು
(ಬಿಚ್ಚದಿದ್ದರೆ ಪೆಟ್ಟಿಗೆಯೇ ಸುಟ್ಟೀತು)
ಹಿಡಿ ತಿರುಗಿಸಿದರೆ ಮುಳ್ಳು ಇನ್ನೂರು ಮೆಗ್‌ಓಮಿನ ಆಚೆ.
ಡಾಕ್ಟರ ಬಾಗಿಲು ತಲುಪಿದೊಡನೆ
ಬಿಟ್ಟುಹೋಗುವ ಜ್ವರದ ಹಾಗೆ.

ಡ್ರೈವು ನೆನಪಿಟ್ಟುಕೊಳ್ಳುತ್ತದೆ, ನಿಜ:
ಓಡಿದ ಗಂಟೆ ೬೧೨ರಲ್ಲಿ, ೭೨೦ರಲ್ಲಿ, ೮೨೭ರಲ್ಲಿ.
ಬರೆದುಕೊಂಡೆ. ಒಂದರಿಂದ ಒಂದು ಕಳೆದು ನೋಡಲಿಲ್ಲ.

ಲೆಕ್ಕ ಇಟ್ಟವಳು ಸುಗಂಧಿ ಕರ್ಕೇರ.
ಕ್ರೇಟಿಗೆ ಐಸು ತುಂಬಿಸುವುದು, ಕ್ರೇಟಿಗಿಷ್ಟೆಂದು ಸಂಬಳ.
"ಶನಿವಾರ ಮಾತ್ರ ಅಲ್ವಾ ನಿಲ್ಲುವುದು?" ಅಂದಳು
ತಲೆಯ ಟವೆಲು ಬಿಚ್ಚಿ ಹಿಂಡುತ್ತ.
"ಆಗಸ್ಟಿನಿಂದ ಹನ್ನೊಂದು ಶನಿವಾರ.
ನನಗೆ ಹನ್ನೊಂದು ಅರ್ಧ ಸಂಬಳ.
ನನ್ನ ಹತ್ರ ಯಾರು ಕೇಳ್ತಾರೆ."

ಶುಕ್ರವಾರ ಕ್ರಶರಿಗೆ ರಜೆ.

ಮುಂದಿನ ಶನಿವಾರ ಮೂರೂವರೆಗೇ ಹೋಗಿ ಕೂತೆ.
ಬಂಗುಡೆಯ ಬೋಟೊಂದು ಅಳಿವೆ ದಾಟಿ ಬರುತ್ತಿತ್ತು, ಒಂದೇ ದೀಪ.
ಯಾರೂ ಸ್ವಿಚ್ಚು ಮುಟ್ಟುವ ಮೊದಲು ಮೆಗ್ಗರ್ ತಿರುಗಿಸಿದೆ.
ಮುಳ್ಳು ಮಲಗಿದಲ್ಲಿಂದ ಏಳಲಿಲ್ಲ.

ಓಡುವ ಮೋಟಾರು ಬಿಸಿಯಾಗಿ ಉಸಿರು ಬಿಡುತ್ತದೆ.
ನಿಂತು ತಣಿಯುವಾಗ ಎಳೆದುಕೊಳ್ಳುತ್ತದೆ ಒಳಕ್ಕೆ
ಅಳಿವೆಯ ಗಾಳಿ, ಕರಗುವ ಐಸಿನ ಹಬೆ, ಉಪ್ಪು,
ಇಡೀ ಒಂದು ಶುಕ್ರವಾರವನ್ನು.
ಒಳಗೆ ಹನಿಗಟ್ಟಿದ್ದು ಹೊರಗೆ ಹೋಗಲು
ಹೊಟ್ಟೆಯಡಿ ಒಂದು ತೂತು ಕೊಟ್ಟಿರುತ್ತಾರೆ, ಕಡಲೆಯಷ್ಟು.

ಒದ್ದೆ ನೆಲದಲ್ಲಿ ಅಂಗಾತ ಮಲಗಿ ಟಾರ್ಚು ಬಿಟ್ಟೆ.
ತೂತು ಇತ್ತು.
ಅದರ ಬಾಯಿಗೆ ಹಸಿರು ಪೈಂಟು, ಮೂರು ಕೋಟು,
ಬ್ರಶ್ಶಿನದೊಂದು ಕೂದಲು ಅದರಲ್ಲಿ ಅಂಟಿಕೊಂಡಿತ್ತು.

ಜುಲೈಯಲ್ಲಿ, ಬೋಟುಗಳಿಗೆಲ್ಲ ರಜೆ ಇದ್ದಾಗ,
ರಿವೈಂಡಿಂಗಿಗೆ ಇದನ್ನು ರಿಕ್ಷಾ ಟೆಂಪೊದಲ್ಲಿ ಹೊತ್ತವ ನಾನು.
ಹೊಸತರ ಹಾಗೆ ಕಾಣಬೇಕೆಂದು
ಪೈಂಟಿನ ಡಬ್ಬಿ, ಬ್ರಶ್ಶು ತಂದವನೂ.

ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿದೆ.
ಅರ್ಧ ಗ್ಲಾಸು ಚಾದಷ್ಟು ನೀರು, ಚಾದ್ದೇ ಬಣ್ಣ,
ಅಂಗೈಗೆ ಇಳಿಯಿತು. ನಾಲಿಗೆಗೆ ಮುಟ್ಟಿಸಿ ನೋಡಿದೆ.

ಎರಡು ನೂರು ವಾಟಿನ ಬಲ್ಬು ಒಳಗಿಟ್ಟು ಒಣಗಿಸಲು
ಮಧ್ಯಾಹ್ನವಾಯಿತು. ಸುಗಂಧಿ ಅಷ್ಟು ಹೊತ್ತೂ
ಕ್ರೇಟು ಬೋರಲು ಹಾಕಿ ಕೂತಿದ್ದಳು. ಹನ್ನೆರಡನೆಯದ್ದು.
ಸಾಹೇಬರು ರಿಜಿಸ್ಟರು ಚಾಚಿದರು.
"ನೀರು ಹೋಗುವ ತೂತಿಗೆ ಪೈಂಟು ಬಳಿದದ್ದರಿಂದ" ಎಂದು ಬರೆದೆ.
ಕನ್ನಡದಲ್ಲಿ ಇದೊಂದು ಅನುಕೂಲ,
ಬಳಿದವನಿಲ್ಲದೆಯೂ ವಾಕ್ಯ ಪೂರ್ತಿಯಾಗುತ್ತದೆ.

ಸುಗಂಧಿ ಬಗ್ಗಿ, ಬೆರಳಿಟ್ಟು ಓದಿದಳು.
"ಯಾರು ಅಂತ ಹಾಕ್ಲಿಲ್ಲ ನೀವು."

ಐಸಿನ ಮನೆಯ ಚಳಿಗೆ ಪೆನ್ನು ಕಟ್ಟಿಕೊಂಡಿತ್ತು.
ಎರಡು ಅಂಗೈ ನಡುವೆ ಇಟ್ಟು
ಉಜ್ಜಿ ಬಿಸಿ ಮಾಡಿದೆ.